ಒರೆಗಲ್ಲು ಮತ್ತು ಪರವಾನಗಿ: ಅಕ್ಕಸಾಲಿಗರ ಕಾಯಕದ 27 ವರ್ಷಗಳು

ಕಾಯಕದ ವಿಚಾರ ಬಂದಾಗಲೆಲ್ಲ ದುಡಿಯುವವನ ಶ್ರದ್ಧೆ, ಪ್ರಾಮಾಣಿಕತೆ, ನಿಸ್ಪೃಹತೆಗಳ ಮಾತು ಸಹಜವಾಗಿ ಬರುತ್ತದೆ. ದುಡಿಯಲು ಸಿದ್ಧನಾಗಿ ನಿಂತವನಿಗೆ ದುಡಿಮೆಯ ಬಾಗಿಲು ತೆರೆದಿದೆಯೇ ಎಂಬ ಪ್ರಶ್ನೆ ಮಾತ್ರ ವಿರಳವಾಗಿ ಏಳುತ್ತದೆ. ಹಗ್ಗ ಹೊಸೆಯುವವನಿಗೆ ಹುಲ್ಲು ಬೇಕು, ಮಡಿವಾಳನಿಗೆ ನೀರು ಬೇಕು, ಅಂಬಿಗನಿಗೆ ಹೊಳೆ ಬೇಕು. ಇವುಗಳ ಜೊತೆಗೆ, ನೀನು ಈ ಕೆಲಸ ಮಾಡಬಹುದು ಎಂಬ ಸಮಾಜದ ಮತ್ತು ರಾಜ್ಯದ ಸಮ್ಮತಿಯೂ ಬೇಕು. ಆ ಸಮ್ಮತಿ ಗಾಳಿಯಂತೆ ಇರುವವರೆಗೆ ಅದರ ಅರಿವೇ ಆಗುವುದಿಲ್ಲ. ಅದು ನಿಂತ ದಿನವೇ ಅದರ ಬೆಲೆ ತಿಳಿಯುತ್ತದೆ.

ಶರಣ ಕಿನ್ನರಿ ಬೊಮ್ಮಯ್ಯನವರು ಮೊದಲು ಅಕ್ಕಸಾಲಿಗರಾಗಿದ್ದು, ಬಳಿಕ ಕಿನ್ನರಿ ನುಡಿಸುವ ಕಾಯಕವನ್ನು ಹಿಡಿದರೆಂದು ಪರಂಪರೆ ಹೇಳುತ್ತದೆ. ಅವರ ಕಾಯಕದ ಬದಲಾವಣೆ ಅಂತರಂಗದ ನಿರ್ಧಾರದಿಂದ ಆದದ್ದು. ಸ್ವತಂತ್ರ ಭಾರತದಲ್ಲಿ, 1963ರ ಜನವರಿಯಲ್ಲಿ, ಲಕ್ಷಾಂತರ ಅಕ್ಕಸಾಲಿಗರ ಕಾಯಕ ಸರ್ಕಾರದ ಒಂದು ಆಜ್ಞೆಯಿಂದ ನಿಂತುಹೋಯಿತು. ಸದುದ್ದೇಶದಿಂದ ಹೊರಟ ನಿಯಮವೊಂದು ಸಾಮಾನ್ಯ ಜನರ ಅನ್ನದ ದಾರಿಯನ್ನು ಹೇಗೆ ಅಡ್ಡಗಟ್ಟಬಲ್ಲದು ಎಂಬುದನ್ನು ತಿಳಿಯಲು ಆ ಇತಿಹಾಸ ಇಂದಿಗೂ ಒಳ್ಳೆಯ ಪಾಠವಾಗಿದೆ.

ಹಳೆಯ ಕಾವಲು

ಚಿನ್ನದ ಕೆಲಸದ ಮೇಲೆ ರಾಜ್ಯವು ಕಣ್ಣಿಡುವುದು ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುವರ್ಣಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳಿಗೇ ಒಂದು ಅಧ್ಯಾಯ ಮೀಸಲಾಗಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆ ಗ್ರಂಥದ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಾಶಾಸ್ತ್ರಿಗಳು. ಚಿನ್ನದ ಕೆಲಸ ನಡೆಯುವ ರಾಜಕೀಯ ಕಾರ್ಯಾಗಾರವನ್ನು ಕೌಟಿಲ್ಯನು ಅಕ್ಷಶಾಲೆ ಎಂದು ಕರೆಯುತ್ತಾನೆ. ಕನ್ನಡದ ಅಕ್ಕಸಾಲೆ, ಅಕ್ಕಸಾಲಿಗ ಎಂಬ ಮಾತುಗಳಿಗೆ ಅದೇ ಮೂಲವೆಂದು ಹೇಳುವುದುಂಟು. ಅಲ್ಲಿಗೆ ಸಂಬಂಧವಿಲ್ಲದವರು ಕಾಲಿಡುವಂತಿರಲಿಲ್ಲ. ಕೆಲಸಗಾರರ ಬಟ್ಟೆ ಮತ್ತು ಕೈಗಳನ್ನು ಶೋಧಿಸಲಾಗುತ್ತಿತ್ತು. ತಕ್ಕಡಿಯ ಮೋಸ, ಒಳಗೆ ಬೇರೆ ಲೋಹ ತುಂಬುವ ಮೋಸ ಮುಂತಾದ ಕಳ್ಳತನದ ಬಗೆಗಳನ್ನೂ ಗ್ರಂಥವು ಒಂದೊಂದಾಗಿ ಎಣಿಸುತ್ತದೆ.

ಇಂತಹ ಕಾವಲಿಗೆ ಕಾರಣವೂ ಇದೆ. ಕೊಳ್ಳುವವನ ಕಣ್ಣಿಗೆ ಹದಿನೆಂಟು ಕ್ಯಾರಟಿನ ಚಿನ್ನಕ್ಕೂ ಇಪ್ಪತ್ತೆರಡು ಕ್ಯಾರಟಿನ ಚಿನ್ನಕ್ಕೂ ಇರುವ ಅಂತರ ಸುಲಭವಾಗಿ ಕಾಣುವುದಿಲ್ಲ. ಆದಕಾರಣ ತೂಕವನ್ನೂ ಶುದ್ಧತೆಯನ್ನೂ ಪರೀಕ್ಷಿಸುವ ವ್ಯವಸ್ಥೆಯೊಂದು ಇರಬೇಕಾದದ್ದು ನ್ಯಾಯವೇ. ಒರೆಗಲ್ಲು ಹುಟ್ಟಿದ್ದೇ ಅದಕ್ಕಾಗಿ. ಅದರ ಮೇಲೆ ಗೆರೆ ಎಳೆದಾಗ ಚಿನ್ನದ ಗುಣ ತಾನಾಗಿ ತಿಳಿಯುತ್ತದೆ. ಚಿನ್ನ ಯಾರ ಕೈಯಿಂದ ಬಂದಿತು, ಅವನ ಕುಲವೇನು, ಅವನಿಗೆ ಯಾರ ಪರಿಚಯವಿದೆ ಎಂಬುದನ್ನು ಒರೆಗಲ್ಲು ಕೇಳುವುದಿಲ್ಲ.

1963ರ ಆಜ್ಞೆ

ಸ್ವಾತಂತ್ರ್ಯ ಬಂದ ಮೊದಲ ಎರಡು ದಶಕಗಳಲ್ಲಿ ದೇಶದ ವಿದೇಶಿ ವಿನಿಮಯದ ಸ್ಥಿತಿ ಬಹಳ ಇಕ್ಕಟ್ಟಿನದಾಗಿತ್ತು. ಚಿನ್ನದ ಆಮದನ್ನು ಸರ್ಕಾರ ಬಿಗಿಯಾಗಿ ತಡೆದಿತ್ತು. ಅಂತಾರಾಷ್ಟ್ರೀಯ ದರದಂತೆ 10 ಗ್ರಾಂ ಚಿನ್ನದ ಬೆಲೆ 53 ರೂಪಾಯಿ 58 ಪೈಸೆಯಾಗುತ್ತಿದ್ದರೆ, ದೇಶದೊಳಗಿನ ಪೇಟೆಯಲ್ಲಿ ಸುಮಾರು ಅದರ ಎರಡು ಪಟ್ಟು ಬೆಲೆಯಿತ್ತು. ಇಷ್ಟು ಅಂತರವಿರುವಾಗ ಕಳ್ಳಸಾಗಣೆ ಲಾಭದ ದಂಧೆಯಾಗದೆ ಇರಲಾರದು. ಸಮುದ್ರಮಾರ್ಗವಾಗಿ ಪಶ್ಚಿಮ ಕರಾವಳಿಗೆ ಕಳ್ಳಚಿನ್ನ ಬರುತ್ತಿತ್ತು. ಅದಕ್ಕೆ ಪ್ರತಿಯಾಗಿ ದೇಶದ ಹಣ ಹೊರಗೆ ಹರಿಯುತ್ತಿತ್ತು.

1962ರ ಅಕ್ಟೋಬರ್ ತಿಂಗಳಲ್ಲಿ ಚೀನಾದೊಡನೆ ಯುದ್ಧ ಆರಂಭವಾಯಿತು. ರಾಷ್ಟ್ರರಕ್ಷಣಾ ನಿಧಿಗೆ ತಾಯಂದಿರು ಮೈಮೇಲಿನ ಬಳೆ, ಸರಗಳನ್ನು ಬಿಚ್ಚಿ ಕೊಟ್ಟರು. ನವೆಂಬರಿನಲ್ಲಿ ಸರ್ಕಾರ ಚಿನ್ನದ ಬಾಂಡುಗಳನ್ನು ಹೊರಡಿಸಿತು ಮತ್ತು ಚಿನ್ನದ ವಾಯಿದೆ ವ್ಯಾಪಾರವನ್ನು ನಿಷೇಧಿಸಿತು. ಕೋಲಾರದ ಚಿನ್ನದ ಗಣಿಗಳು ಮೈಸೂರು ರಾಜ್ಯದ ಕೈಯಿಂದ ಕೇಂದ್ರ ಸರ್ಕಾರದ ವಶಕ್ಕೆ ಹೋದದ್ದೂ 1962ರಲ್ಲಿಯೇ. ನೆಲದೊಳಗಿನ ಚಿನ್ನ, ತಿಜೋರಿಯ ಚಿನ್ನ, ಮನೆಯ ಪೆಟ್ಟಿಗೆಯ ಚಿನ್ನ, ಎಲ್ಲವೂ ಸರ್ಕಾರದ ಲೆಕ್ಕಕ್ಕೆ ಬರಬೇಕೆಂಬುದು ಆ ಕಾಲದ ಚಿಂತನೆಯಾಗಿತ್ತು.

1963ರ ಜನವರಿಯಲ್ಲಿ ಭಾರತ ರಕ್ಷಣಾ ನಿಯಮಗಳಿಗೆ ಹೊಸ ಭಾಗವೊಂದನ್ನು ಸೇರಿಸಿ ಚಿನ್ನ ನಿಯಂತ್ರಣ ನಿಯಮಗಳನ್ನು ಜಾರಿಗೊಳಿಸಲಾಯಿತು. ಆಗ ಮೊರಾರ್ಜಿ ದೇಸಾಯಿಯವರು ಹಣಕಾಸು ಸಚಿವರಾಗಿದ್ದರು. ಚಿನ್ನದ ಮೇಲಿನ ಜನರ ಮೋಹ ಕಡಿಮೆಯಾದರೆ ಬೇಡಿಕೆ ಇಳಿಯುತ್ತದೆ, ಬೇಡಿಕೆ ಇಳಿದರೆ ಕಳ್ಳಸಾಗಣೆ ತಾನಾಗಿ ನಿಲ್ಲುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ನಿಯಮಗಳ ತಿರುಳು ಹೀಗಿತ್ತು: 14 ಕ್ಯಾರಟಿಗಿಂತ ಹೆಚ್ಚು ಶುದ್ಧತೆಯ ಆಭರಣವನ್ನು ಹೊಸದಾಗಿ ಮಾಡುವಂತಿಲ್ಲ, ವ್ಯಾಪಾರಿಗಳೂ ಚಿನ್ನ ಶುದ್ಧಿ ಮಾಡುವವರೂ ಪರವಾನಗಿ ಪಡೆಯಬೇಕು, ಗಟ್ಟಿ ಚಿನ್ನವನ್ನು ಇಟ್ಟುಕೊಂಡವರು ಸರ್ಕಾರಕ್ಕೆ ಘೋಷಿಸಬೇಕು.

ಕುಲುಮೆ ಆರಿದಾಗ

ಕಾಗದದ ಮೇಲೆ 22 ಮತ್ತು 14 ಎಂಬವು ಎರಡು ಸಂಖ್ಯೆಗಳು ಮಾತ್ರ. ಅಕ್ಕಸಾಲಿಗನ ಅಗ್ಗಿಷ್ಟಿಕೆಯ ಮುಂದೆ ಅವು ಎರಡು ಬೇರೆ ಲೋಹಗಳು. 22 ಕ್ಯಾರಟಿನಲ್ಲಿ ನೂರಕ್ಕೆ 91ಕ್ಕಿಂತ ಹೆಚ್ಚು ಭಾಗ ಚಿನ್ನವಿರುತ್ತದೆ. ಅದು ಮೃದು, ಬೇಕಾದಂತೆ ಎಳೆಯಾಗುತ್ತದೆ, ತಗಡಾಗುತ್ತದೆ. 14 ಕ್ಯಾರಟಿನಲ್ಲಿ ಚಿನ್ನದ ಭಾಗ ನೂರಕ್ಕೆ ಸುಮಾರು 58 ಮಾತ್ರ. ಉಳಿದದ್ದು ತಾಮ್ರ, ಬೆಳ್ಳಿ ಮೊದಲಾದ ಲೋಹಗಳು. ಅದು ಗಡುಸು. ಅವಲಕ್ಕಿ ಸರ, ಬೋರಮಾಳ, ಬುಗುಡಿ, ಬೆಂಡೋಲೆಗಳ ಸೂಕ್ಷ್ಮ ಕುಸುರಿ ಕೆಲಸಕ್ಕೆ ಒಗ್ಗಿದ ಕೈಗೆ ಆ ಲೋಹ ಒಗ್ಗಲಿಲ್ಲ. ಬೆಸುಗೆಯ ಹದವೂ ಬದಲಾಯಿತು. ತಲೆಮಾರುಗಳಿಂದ ತಂದೆ ಮಗನಿಗೆ ಕಲಿಸಿದ ವಿದ್ಯೆ ಏಕಾಏಕಿ ಕಾನೂನುಬಾಹಿರವಾಯಿತು.

ಗಿರಾಕಿಗಳೂ ಒಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಚಿನ್ನವು ಅಲಂಕಾರದ ವಸ್ತುವಾಗಿರುವಂತೆಯೇ ಆಪತ್ತಿನ ಧನವೂ ಆಗಿದೆ. ಬ್ಯಾಂಕು ಕಾಣದ ಹಳ್ಳಿಯಲ್ಲಿ ಮಳೆ ತಪ್ಪಿದ ವರ್ಷ, ಮಗಳ ಮದುವೆಯ ವರ್ಷ, ಕಾಯಿಲೆಯ ವರ್ಷ ಗೃಹಿಣಿಯ ಕೈಗೆ ಒದಗುತ್ತಿದ್ದುದು ಅವಳ ಪಾಟ್ಲಿ, ಬಿಲ್ವಾರಗಳೇ. ಅಡವಿಟ್ಟಾಗ ಅರ್ಧ ಬೆಲೆಯೂ ಬಾರದ ಆಭರಣವನ್ನು ಅವಳು ಏಕೆ ಮಾಡಿಸಿಕೊಂಡಾಳು? ಹೀಗೆ ಹಳೆಯ ಕೆಲಸಕ್ಕೆ ನಿಷೇಧ, ಹೊಸ ಕೆಲಸಕ್ಕೆ ಗಿರಾಕಿಯಿಲ್ಲ ಎಂಬ ಸ್ಥಿತಿ ಉಂಟಾಯಿತು.

ಪೆಟ್ಟು ಎಲ್ಲರಿಗೂ ಸಮನಾಗಿ ಬೀಳಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದೊಡ್ಡ ಅಂಗಡಿಯವನಿಗೆ ಬಂಡವಾಳವಿತ್ತು. ಕೆಲವು ತಿಂಗಳು ಕಾಯಬಲ್ಲವನಾಗಿದ್ದ, ಬೇರೆ ವ್ಯಾಪಾರಕ್ಕೆ ತಿರುಗಬಲ್ಲವನಾಗಿದ್ದ. ಗಿರಾಕಿ ತಂದ ಚಿನ್ನವನ್ನು ಕರಗಿಸಿ, ಆಭರಣ ಮಾಡಿಕೊಟ್ಟು, ಕೂಲಿ ಪಡೆದು ಅಂದಂದಿನ ದಿನಸಿ ತರುತ್ತಿದ್ದ ಅಕ್ಕಸಾಲಿಗನಿಗೆ ಒಂದು ವಾರ ಕಾಯುವ ಶಕ್ತಿಯೂ ಇರಲಿಲ್ಲ. ಅವನ ಆಸ್ತಿಯೆಂದರೆ ಮೂಸೆ, ಊದುಗೊಳವೆ, ಚಿಮಟ, ತಕ್ಕಡಿ ಮತ್ತು ಕೈಯ ಕಸುಬು. ದೇಶದ ಹಲವೆಡೆಗಳಿಂದ ಅಕ್ಕಸಾಲಿಗರ ಆತ್ಮಹತ್ಯೆಯ ವರದಿಗಳು ಬಂದವು. ಸಂಸತ್ತಿನಲ್ಲಿ ಕಾವೇರಿದ ಚರ್ಚೆಗಳಾದವು. ಸರ್ಕಾರ ಸಾಲ, ಪರ್ಯಾಯ ಉದ್ಯೋಗ, ಮಕ್ಕಳ ಶಿಕ್ಷಣಕ್ಕೆ ನೆರವು ಮೊದಲಾದ ಪರಿಹಾರಗಳನ್ನು ಘೋಷಿಸಿತು. ಆದರೆ ಐವತ್ತು ವರ್ಷದ ಕುಶಲಕರ್ಮಿಗೆ ಹೊಸ ಕಸುಬು ಕಲಿಸುವುದು ಘೋಷಣೆಯಷ್ಟು ಸುಲಭವಲ್ಲ. ಅವನ ಕಸುಬಿನೊಂದಿಗೆ ಅವನ ಹೆಸರು, ಬೀದಿಯಲ್ಲಿನ ಗೌರವ, ಗಿರಾಕಿಗಳ ವಿಶ್ವಾಸ ಎಲ್ಲವೂ ಬೆಸೆದುಕೊಂಡಿರುತ್ತವೆ.

1963ರ ಆಗಸ್ಟಿನಲ್ಲಿ ಕಾಮರಾಜ್ ಯೋಜನೆಯಂತೆ ಮೊರಾರ್ಜಿಯವರು ಸಚಿವ ಸಂಪುಟದಿಂದ ಹೊರಬಂದರು. ಅವರ ಸ್ಥಾನಕ್ಕೆ ಬಂದ ಟಿ.ಟಿ. ಕೃಷ್ಣಮಾಚಾರಿಯವರ ಕಾಲದಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ಗಿರಾಕಿಗಳ ಹಳೆಯ ಆಭರಣವನ್ನು ಅದೇ ಶುದ್ಧತೆಯಲ್ಲಿ ಮರಳಿ ಮಾಡಿಕೊಡಲು ಸ್ವಂತ ದುಡಿಮೆಯ ಅಕ್ಕಸಾಲಿಗರಿಗೆ ಅವಕಾಶ ದೊರೆಯಿತು. 14 ಕ್ಯಾರಟಿನ ನಿರ್ಬಂಧ ಪೂರ್ಣವಾಗಿ ಹೋದದ್ದು ಅಕ್ಕಸಾಲಿಗರ ದೀರ್ಘ ಚಳವಳಿಯ ಬಳಿಕ, 1966ರಲ್ಲಿ.

ಯೋಗ್ಯತೆಯನ್ನು ಅಳೆಯುವವರು ಯಾರು?

ಶುದ್ಧತೆಯ ನಿರ್ಬಂಧ ಹೋದರೂ ಪರವಾನಗಿಯ ವ್ಯವಸ್ಥೆ ಉಳಿಯಿತು. ಯುದ್ಧಕಾಲದ ನಿಯಮವು 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೆಂಬ ಶಾಶ್ವತ ರೂಪ ಪಡೆಯಿತು. ಅದರಂತೆ ಆಭರಣ ಮಾಡುವವನಿಗೆ ಪ್ರಮಾಣಪತ್ರ ಬೇಕು. ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು. ಅಕ್ಕಸಾಲಿಗ ಎಷ್ಟು ಗಟ್ಟಿ ಚಿನ್ನ ಇಟ್ಟುಕೊಳ್ಳಬಹುದೆಂಬುದಕ್ಕೆ ಮಿತಿಯಿತ್ತು. ಬಂದ ಚಿನ್ನ, ಹೋದ ಚಿನ್ನ, ತೂಕ, ಶುದ್ಧತೆ ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕಾಗಿತ್ತು. ಅಧಿಕಾರಿಗಳಿಗೆ ಶೋಧಿಸುವ, ವಶಪಡಿಸಿಕೊಳ್ಳುವ ಅಧಿಕಾರವಿತ್ತು. ಮನೆಯವರ ಆಭರಣಗಳೂ ಇದರಿಂದ ಹೊರತಾಗಿರಲಿಲ್ಲ: ಒಬ್ಬ ವ್ಯಕ್ತಿಯ ಬಳಿ 2000 ಗ್ರಾಂ, ಒಂದು ಕುಟುಂಬದಲ್ಲಿ 4000 ಗ್ರಾಂ ಮೀರಿದರೆ ಘೋಷಣೆ ಕಡ್ಡಾಯವಾಗಿತ್ತು.

ಲೆಕ್ಕ ಬರೆಯುವುದು ತಪ್ಪಲ್ಲ. ಆದರೆ ಗುಮಾಸ್ತನನ್ನು ಇಟ್ಟುಕೊಂಡ ಅಂಗಡಿಗೆ ಅದು ಒಂದು ಕೆಲಸ. ಒಬ್ಬಂಟಿಯಾಗಿ ಕುಳಿತು ಬೆಂಕಿ ಊದುವವನಿಗೆ ಅದು ಅರ್ಧ ದಿನದ ಕೂಲಿ. ಪುಸ್ತಕದ ಒಂದು ಸಾಲು ತಪ್ಪಿದರೂ ಎದುರಿರುವುದು ಪರರ ಚಿನ್ನ. ಅದನ್ನು ಅಧಿಕಾರಿ ಕೊಂಡೊಯ್ದರೆ ಗಿರಾಕಿಗೆ ಉತ್ತರಿಸಬೇಕಾದವನು ಅಕ್ಕಸಾಲಿಗನೇ. ಒಂದೇ ನಿಯಮ ಇಬ್ಬರಿಗೂ ಒಂದೇ ಭಾರವಾಗುವುದಿಲ್ಲ ಎಂಬ ಮಾತು ಇಲ್ಲಿ ಸ್ಪಷ್ಟವಾಗುತ್ತದೆ.

ಈ ಕಾಯಿದೆಯನ್ನು ಕೆಲವರು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಹರಕಚಂದ್ ರತನ್‌ಚಂದ್ ಬಾಂಠಿಯಾ ಪ್ರಕರಣವೆಂದು ಅದು ಪ್ರಸಿದ್ಧವಾಗಿದೆ. 1969ರಲ್ಲಿ ಬಂದ ತೀರ್ಪು ಸಮತೋಲನದ್ದಾಗಿತ್ತು. ಚಿನ್ನದ ಕೆಲಸವನ್ನು ನಿಯಂತ್ರಿಸುವ ಅಧಿಕಾರ ಸಂಸತ್ತಿಗೆ ಇದೆ ಎಂದು ನ್ಯಾಯಾಲಯ ಒಪ್ಪಿತು. ಅದೇ ವೇಳೆಗೆ, ಯಾವುದೇ ವೃತ್ತಿಯನ್ನು ನಡೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ; ಆ ಹಕ್ಕಿನ ಮೇಲಿನ ನಿರ್ಬಂಧ ವಿವೇಚನೆಗೆ ನಿಲ್ಲುವಂತಿರಬೇಕು ಎಂಬ ತತ್ತ್ವದ ಮೇಲೆ ಕಾಯಿದೆಯ ಹಲವು ಕಲಮುಗಳನ್ನು ಅಸಿಂಧುವೆಂದು ಸಾರಿತು.

ಅವುಗಳಲ್ಲಿ ಒಂದು ಅಂಶ ಬಹಳ ಮನನೀಯ. ಪರವಾನಗಿ ಕೊಡುವಾಗ ಅಧಿಕಾರಿಯು ಆ ಪ್ರದೇಶದ ನಿರೀಕ್ಷಿತ ಬೇಡಿಕೆ, ಅರ್ಜಿದಾರನ ಯೋಗ್ಯತೆ, ಸಾರ್ವಜನಿಕ ಹಿತ ಮೊದಲಾದವನ್ನು ಗಮನಿಸಬೇಕೆಂದು ಕಾಯಿದೆ ಹೇಳಿತ್ತು. ಕೇಳಲು ಇವು ಒಳ್ಳೆಯ ಮಾತುಗಳೇ. ಆದರೆ ಯೋಗ್ಯತೆಯೆಂದರೆ ಏನು? ಅದನ್ನು ಯಾವ ಅಳತೆಯಿಂದ ಅಳೆಯಬೇಕು? ಮುಂದಿನ ವರ್ಷದ ಬೇಡಿಕೆಯನ್ನು ಇಂದೇ ಬಲ್ಲವರು ಯಾರು? ಇದಕ್ಕೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ. ವಸ್ತುನಿಷ್ಠವಾದ ಮಾನದಂಡವಿಲ್ಲದ ಇಂತಹ ಪದಗಳು ಅಧಿಕಾರಿಗೆ ಅಂಕೆಯಿಲ್ಲದ ಅಧಿಕಾರ ಕೊಡುತ್ತವೆ ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಅದೇ ವರ್ಷ ಸರ್ಕಾರ ಕಾಯಿದೆಗೆ ತಿದ್ದುಪಡಿ ತಂದಿತು. ನಿಯಂತ್ರಣ ಮಾತ್ರ ಮುಂದುವರಿಯಿತು.

ನಿಯಮ ಮತ್ತು ಅನುಮತಿಗಳ ನಡುವಿನ ಅಂತರವನ್ನು ಈ ತೀರ್ಪು ಬೆಳಕಿಗೆ ತಂದಿತು. ಇಂತಿಷ್ಟು ಶುದ್ಧತೆಯಿರಲಿ, ತೂಕ ಸರಿಯಿರಲಿ ಎನ್ನುವುದು ನಿಯಮ. ಅದನ್ನು ಪಾಲಿಸಲು ಸಿದ್ಧನಿರುವ ಪ್ರತಿಯೊಬ್ಬನಿಗೂ ಬಾಗಿಲು ತೆರೆದೇ ಇರುತ್ತದೆ. ನೀನು ತಕ್ಕವನೋ ಅಲ್ಲವೋ ಎಂದು ನಾನು ತೀರ್ಮಾನಿಸುತ್ತೇನೆ ಎನ್ನುವುದು ಅನುಮತಿ. ಅಲ್ಲಿ ಬಾಗಿಲ ಕೀಲಿ ಇನ್ನೊಬ್ಬನ ಕೈಯಲ್ಲಿರುತ್ತದೆ. ಕೀಲಿ ಹಿಡಿದವನು ಸಜ್ಜನನಾದರೆ ಬಾಗಿಲು ತೆರೆದೀತು. ಆದರೂ ಬಡವನ ಅನ್ನ ಇನ್ನೊಬ್ಬನ ಸಜ್ಜನಿಕೆಯ ಮೇಲೆ ನಿಲ್ಲುವಂತಾಗುವುದೇ ಒಂದು ಬಗೆಯ ದೈನ್ಯ. ಈಗಾಗಲೇ ಒಳಗಿರುವವರಿಗೆ ಈ ಏರ್ಪಾಟು ಹಿತವೆನಿಸಬಹುದು. ಹೊಸ ಸ್ಪರ್ಧಿಗಳು ಬರುವುದಿಲ್ಲ. ಹೊರಗೆ ನಿಂತವನ ಮಗನಿಗೆ ಮಾತ್ರ ಕೆಲಸಗಾರನ ಜಗಲಿಯಿಂದ ಅಂಗಡಿಯ ಗದ್ದುಗೆಗೆ ಏರುವ ಮೆಟ್ಟಿಲು ಎತ್ತರವಾಗುತ್ತ ಹೋಗುತ್ತದೆ.

ನಿಯಂತ್ರಣದ ಫಲ

ಇಷ್ಟೆಲ್ಲ ಕಷ್ಟಕ್ಕೆ ತಕ್ಕ ಫಲ ದೇಶಕ್ಕೆ ದೊರೆಯಿತೇ ಎಂದು ಕೇಳಿದರೆ, ಇಲ್ಲವೆಂದೇ ಇತಿಹಾಸ ಹೇಳುತ್ತದೆ. ಚಿನ್ನದ ಮೋಹ ಇಳಿಯಲಿಲ್ಲ. ಕಳ್ಳಸಾಗಣೆ ನಿಲ್ಲಲಿಲ್ಲ; 1970 ಮತ್ತು 1980ರ ದಶಕಗಳಲ್ಲಿ ಅದು ದೊಡ್ಡ ಜಾಲವಾಗಿಯೇ ಬೆಳೆಯಿತು. ಕಾರಣ ಸರಳ. ಕಳ್ಳಸಾಗಣೆಯ ಬೇರು ಒಳಗಿನ ಮತ್ತು ಹೊರಗಿನ ಬೆಲೆಗಳ ಅಂತರದಲ್ಲಿತ್ತು. ಆ ಬೇರಿಗೆ ಕೈಹಾಕದೆ, ಬೀದಿಯ ಕೊನೆಯಲ್ಲಿ ಕುಳಿತ ಅಕ್ಕಸಾಲಿಗನ ಪುಸ್ತಕ ಪರೀಕ್ಷಿಸಿದರೆ ಫಲವೇನು? ಸಮುದ್ರದಲ್ಲಿ ದೋಣಿ ನಡೆಸುವ ಕಳ್ಳಸಾಗಣೆಗಾರ ಯಾವ ಪ್ರಮಾಣಪತ್ರವನ್ನೂ ಕೇಳಿರಲಿಲ್ಲ. ನಿಯಮಕ್ಕೆ ಸಿಕ್ಕವರು ಪ್ರಾಮಾಣಿಕವಾಗಿ ಹೆಸರು ಬರೆಸಿ ವಿಳಾಸ ಕೊಟ್ಟವರೇ.

1990ರ ಜೂನ್ ತಿಂಗಳಲ್ಲಿ ಚಿನ್ನ ನಿಯಂತ್ರಣ ಕಾಯಿದೆ ರದ್ದಾಯಿತು. 1963ರಿಂದ ಎಣಿಸಿದರೆ 27 ವರ್ಷಗಳ ಬಳಿಕ ಅಕ್ಕಸಾಲಿಗನು ಆ ಕಾಯಿದೆಯ ಪ್ರಮಾಣಪತ್ರವಿಲ್ಲದೆ ತನ್ನ ಕುಲುಮೆಯ ಮುಂದೆ ಕುಳಿತನು. 1992ರಲ್ಲಿ ವಿದೇಶದಿಂದ ಮರಳುವ ಭಾರತೀಯರಿಗೆ 5 ಕಿಲೋಗ್ರಾಂವರೆಗೆ ಚಿನ್ನ ತರಲು ಅವಕಾಶ ದೊರೆಯಿತು. 1997ರಲ್ಲಿ ಬ್ಯಾಂಕುಗಳ ಮೂಲಕ ಆಮದಿನ ದಾರಿ ತೆರೆಯಿತು. ಬೆಲೆಗಳ ಅಂತರ ಕುಗ್ಗಿದಂತೆ ಕಳ್ಳಸಾಗಣೆಯ ಲಾಭವೂ ಕುಗ್ಗಿತು. ಸುಂಕ ಏರಿದಾಗಲೆಲ್ಲ ಆ ಪಿಡುಗು ಮತ್ತೆ ತಲೆಯೆತ್ತುವುದು ಇದೇ ಸತ್ಯವನ್ನು ನೆನಪಿಸುತ್ತದೆ.

ಒರೆಗೆ ಹಚ್ಚಬೇಕಾದದ್ದು

ಹಾಗಾದರೆ ನಿಯಮಗಳೇ ಬೇಡವೇ? ಹಾಗೆ ಹೇಳುವುದು ಇನ್ನೊಂದು ಅತಿ. ನಿಯಂತ್ರಣ ಹೋದ ಮೇಲೂ ಕಡಿಮೆ ಶುದ್ಧತೆಯ ಆಭರಣವನ್ನು ಹೆಚ್ಚಿನ ಬೆಲೆಗೆ ಮಾರುವ ಮೋಸ ನಿಂತಿರಲಿಲ್ಲ. ಅದಕ್ಕೆ ಬಲಿಯಾಗುತ್ತಿದ್ದವರೂ ಸಾಮಾನ್ಯ ಜನರೇ. ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಸರ ಕೊಂಡ ಬಡ ಕುಟುಂಬ, ಅದನ್ನು ಅಡವಿಡಲು ಹೋದಾಗಲಷ್ಟೇ ತಾನು ಮೋಸಹೋದದ್ದನ್ನು ತಿಳಿಯುತ್ತಿತ್ತು.

ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಮುದ್ರೆಯ ವ್ಯವಸ್ಥೆ ಆರಂಭಿಸಿತು. ಮೊದಲು ಐಚ್ಛಿಕವಾಗಿದ್ದ ಅದು 2021ರ ಜೂನ್‌ನಿಂದ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಮುಂದೆ ಇನ್ನಷ್ಟು ಜಿಲ್ಲೆಗಳಿಗೆ ಹಬ್ಬಿತು. 2023ರ ಏಪ್ರಿಲ್ 1ರಿಂದ ಮುದ್ರೆಯುಳ್ಳ ಪ್ರತಿಯೊಂದು ಆಭರಣಕ್ಕೂ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರಬೇಕೆಂದಾಯಿತು. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ವ್ಯಾಪಾರಿಗಳಿಗೆ ವಿನಾಯಿತಿ ಕೊಡಲಾಯಿತು. 1963ರಲ್ಲಿ ಏಕೈಕ ದಾರಿಯಾಗಿದ್ದ 14 ಕ್ಯಾರಟ್ ಈ ವ್ಯವಸ್ಥೆಯಲ್ಲಿ ಹಲವು ದರ್ಜೆಗಳಲ್ಲಿ ಒಂದು. ಬೇಕಾದವರು ಕೊಳ್ಳಬಹುದು, ಬೇಡವಾದವರು ಬಿಡಬಹುದು.

ಎರಡು ಕಾಲದ ಎರಡು ವ್ಯವಸ್ಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಂತರ ತಾನಾಗಿ ತಿಳಿಯುತ್ತದೆ. ಹಾಲ್‌ಮಾರ್ಕ್ ವಸ್ತುವನ್ನು ಪರೀಕ್ಷಿಸುತ್ತದೆ. ಹಳೆಯ ಪರವಾನಗಿ ಮನುಷ್ಯನನ್ನು ತೂಗುತ್ತಿತ್ತು. ಮೊದಲನೆಯದು ಒರೆಗಲ್ಲಿನ ಧರ್ಮಕ್ಕೆ ಹತ್ತಿರವಾದದ್ದು. ಆದರೂ ಇಲ್ಲಿಯೂ ಎಚ್ಚರ ಬೇಕು. ಪರೀಕ್ಷಾ ಕೇಂದ್ರ ದೂರದ ಪಟ್ಟಣದಲ್ಲಿದ್ದರೆ ಒಂದೆರಡು ಉಂಗುರ ಮಾಡುವವನಿಗೆ ಹೋಗಿಬರುವ ಖರ್ಚು, ಕಳೆದ ದಿನ ಎರಡೂ ಭಾರ. ನೂರು ಉಂಗುರ ಒಮ್ಮೆಗೆ ಕಳುಹಿಸುವವನಿಗೆ ಅದು ಲೆಕ್ಕಕ್ಕೇ ಬಾರದು. ಸಣ್ಣವರಿಗೆ ಕೊಟ್ಟ ವಿನಾಯಿತಿಯಿಂದಲೇ ಎಲ್ಲವೂ ಸರಿಹೋಗದು. ಮುದ್ರೆಯಿರುವ ಆಭರಣಕ್ಕೆ ಗಿರಾಕಿ ಒಗ್ಗಿಕೊಂಡ ಮೇಲೆ ಮುದ್ರೆಯಿಲ್ಲದ ಕೈಗೆಲಸವನ್ನು ಅನುಮಾನದಿಂದ ನೋಡುತ್ತಾನೆ. ಆದ್ದರಿಂದ ಪರೀಕ್ಷೆ ಅಗ್ಗವಾಗಿ, ಹತ್ತಿರದಲ್ಲಿ, ಯಾರ ಶಿಫಾರಸೂ ಇಲ್ಲದೆ ದೊರೆಯುವಂತಾದಾಗಲೇ ಒಳ್ಳೆಯ ನಿಯಮ ಪೂರ್ಣವಾಗಿ ಒಳ್ಳೆಯದಾಗುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಅಕ್ಕಸಾಲಿಗರ ಕಸುಬೂ ಸೇರಿದೆ. ಅರವತ್ತು ವರ್ಷಗಳ ಹಿಂದೆ ಯಾವ ಕೈಗಳಿಂದ ಸರ್ಕಾರ ಕೆಲಸ ಕಸಿದುಕೊಂಡಿತ್ತೋ, ಆ ಕೈಗಳ ಉತ್ತರಾಧಿಕಾರಿಗಳಿಗೆ ತರಬೇತಿ, ಸಾಲ ಕೊಡುವ ಮಾತನ್ನು ಅದೇ ಸರ್ಕಾರ ಆಡುತ್ತಿದೆ. ನಡುವೆ ಕಳೆದುಹೋದ ವಿದ್ಯೆ ಎಷ್ಟೋ. ಮಗನಿಗೆ ಈ ಕಸುಬು ಬೇಡವೆಂದು ತೀರ್ಮಾನಿಸಿದ ತಂದೆಯಿಂದ ಮುಂದಕ್ಕೆ ಹರಿಯದ ಕೈಚಳಕವನ್ನು ಯಾವ ಯೋಜನೆಯೂ ಮರಳಿ ತರಲಾರದು.

ಆಳುವವರ ಉದ್ದೇಶ ಶುದ್ಧವಾಗಿದ್ದ ಮಾತ್ರಕ್ಕೆ ಆಜ್ಞೆ ಶುದ್ಧವಾಗುವುದಿಲ್ಲ. ಆಜ್ಞೆಯನ್ನೂ ಒರೆಗೆ ಹಚ್ಚಬೇಕು. ಅದು ಕೆಲಸದ ಗುಣವನ್ನು ಕೇಳುತ್ತದೆಯೋ, ಕೆಲಸಗಾರನನ್ನು ಹೊಸ್ತಿಲ ಹೊರಗೆ ನಿಲ್ಲಿಸುತ್ತದೆಯೋ? ಅದರ ಭಾರ ಬಲವುಳ್ಳವನ ಹೆಗಲ ಮೇಲಿದೆಯೋ, ದಿನಗೂಲಿಯವನ ಮೇಲೋ? ಅದು ಹಿಡಿಯಲು ಹೊರಟ ಕಳ್ಳನು ಸಿಕ್ಕನೋ, ಹೆಸರು ಬರೆಸಿದ ಪ್ರಾಮಾಣಿಕನಷ್ಟೇ ಸಿಕ್ಕನೋ? ಬೀದಿ ವ್ಯಾಪಾರಿ, ಆಟೋ ಚಾಲಕ, ನೇಕಾರ, ಸಣ್ಣ ಖಾನಾವಳಿ ನಡೆಸುವ ತಾಯಿ, ಯಾರ ಕುರಿತು ನಿಯಮ ಮಾಡುವಾಗಲೂ ಈ ಮೂರು ಪ್ರಶ್ನೆಗಳನ್ನು ಕೇಳಿದರೆ, 1963ರ ಅಕ್ಕಸಾಲಿಗರ ಕಣ್ಣೀರು ವ್ಯರ್ಥವಾಗದು. ಕಾಯಕವನ್ನು ಗೌರವಿಸುವ ನಾಡು ಕಾಯಕದ ಬಾಗಿಲನ್ನೂ ಕಾಯಬೇಕು. ದುಡಿಯಬಲ್ಲ ಪ್ರತಿಯೊಂದು ಕೈಗೂ ಅದು ತೆರೆದಿರುವಂತೆ ನೋಡಿಕೊಳ್ಳಬೇಕು.